ಗುಡ್ಡದಕೇರಿಗೆ ಒಂಬತ್ತು ಸುತ್ತು

ನಾನು ಕ್ರೈಸ್ತಳಲ್ಲ. ಆದರೂ ಹನ್ನೊಂದು ವರ್ಷದಿಂದ ಹೊನ್ನಾವರದ ಒಂದು ಇಗರ್ಜಿಯ ಪ್ರಾರ್ಥನೆಗಳನ್ನು ತಿದ್ದಿಕೊಡುತ್ತಿದ್ದೇನೆ. ಇದು ಹೇಗೆ ನನ್ನ ಕೊರಳಿಗೆ ಬಿತ್ತು ಎಂದು ಕೇಳಿದರೆ ನನ್ನ ತಂಗಿ ನೀಲಾ ನಗುತ್ತಾಳೆ. "ಅಕ್ಕ ರಿಟೈರ್ ಆದ್ಲು, ಅವಳ ಕೆಂಪು ಪೆನ್ನು ಆಗ್ಲಿಲ್ಲ" ಎನ್ನುತ್ತಾಳೆ. ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿದವಳು ನಾನು. ಮದುವೆ ಕಾಗದದಲ್ಲಿ ತಪ್ಪು ಕಂಡರೂ ಊಟ ರುಚಿಸುವುದಿಲ್ಲ.

ಪ್ರಾರ್ಥನೆ ತರುವವನು ಸಾಂತಾನ ಲೋಪಿಸ್. ನಮ್ಮ ಭಾಗಕ್ಕೆ ನಲ್ಲಿ ನೀರು ಬಿಡುವವನು. ಊರ ನೀರಿನ ಕೆಲಸವನ್ನು ಗುತ್ತಿಗೆ ಹಿಡಿದವರ ಕೈಕೆಳಗೆ ಅವನ ನೌಕರಿ. ಎದೆಮಟ್ಟದ ಕಬ್ಬಿಣದ ಸರಳು, ತುದಿಗೆ ಅಡ್ಡ ಹಿಡಿಕೆ. ಅದನ್ನು ರಸ್ತೆಯ ಗುಂಡಿಯೊಳಗೆ ಇಳಿಸಿ ತಿರುಗಿಸಿದರೆ ವಾಲ್ವು ತೆರೆಯುತ್ತದೆ. ಹೆಗಲ ಮೇಲೆ ಅದನ್ನಿಟ್ಟು ಹೋಗುವಾಗ ಶಿಲುಬೆ ಹೊತ್ತು ಹೊರಟ ಎಂದು ಪೇಟೆಯವರು ತಮಾಷೆ ಮಾಡುತ್ತಾರೆ. ಅವನಿಗೆ ಆ ತಮಾಷೆ ಹಿಡಿಸುವುದಿಲ್ಲ. "ಇದು ಚಾವಿ, ಅಕ್ಕೋರೆ. ಶಿಲುಬೆ ಆದ್ರೆ ಒಂದಲ್ಲ ಒಂದು ದಿನ ಇಳಿಸ್ತಿದ್ರು" ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದ.

ಆ ಚಾವಿಯನ್ನು ಎಷ್ಟು ಸುತ್ತು ತಿರುಗಿಸಿದರೆ ನೀರು ಎಲ್ಲಿಯವರೆಗೆ ಹೋಗುತ್ತದೆ ಎನ್ನುವುದು ಯಾವ ಪುಸ್ತಕದಲ್ಲೂ ಇಲ್ಲ. ಹಳೆಯ ಪೈಪು, ಏರುತಗ್ಗಿನ ಊರು. ನಮ್ಮ ಕೆಳಗಿನ ಓಣಿಗೆ ಮೂರು ಸುತ್ತು ಸಾಕು. ಗುಡ್ಡದಕೇರಿಯ ಕೊನೆಯ ಮನೆಗೆ ನೀರು ಹತ್ತಬೇಕಾದರೆ ಒಂಬತ್ತು ಸುತ್ತು ಬೇಕು. ಇದು ಅವನ ಕೈಗೆ ಮಾತ್ರ ಗೊತ್ತು, ಅದೇ ಅವನಿಗೆ ಉರುಳಾಯಿತು. ಬೇರೆ ಯಾರಿಗೂ ಬರುವುದಿಲ್ಲವೆಂದು ಹನ್ನೊಂದು ವರ್ಷದಲ್ಲಿ ಅವನಿಗೆ ಒಂದು ದಿನ ರಜೆ ಇಲ್ಲ. ಭಟ್ಕಳದ ಹತ್ತಿರ ಮುಂಡಳ್ಳಿಯಲ್ಲಿ ಅವನ ತಾಯಿ ತೀರಿಕೊಂಡಾಗಲೂ ಬೆಳಗಿನ ನೀರು ಬಿಟ್ಟು ಬಸ್ಸು ಹತ್ತಿದ. ಹೋಗಿ ಮುಟ್ಟುವಾಗ ಮಣ್ಣು ಮುಚ್ಚಿ ಆಗಿತ್ತು. ಸಂಜೆಯ ನೀರಿಗೆ ತಿರುಗಿ ಬಂದ. ಬಂದವನೇ ನಮ್ಮ ಓಣಿಯ ಗುಂಡಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಅತ್ತದ್ದನ್ನು ನಾನು ಕಿಟಕಿಯಿಂದ ನೋಡಿದ್ದೇನೆ. ಅಳುತ್ತಲೇ ಮೂರು ಸುತ್ತು ತಿರುಗಿಸಿದ.

ಅವನ ಮನೆ ಎಂದರೆ ಪಂಪ್‌ಹೌಸಿನ ಬೇಲಿಯೊಳಗಿನ ಒಂದು ರೂಮು. ಅದೂ ಗುತ್ತಿಗೆದಾರರದ್ದು. ಹೆಂಡತಿ ನತಾಲಿನ್ ಅಲ್ಲಿಯೇ ಕಿಟಕಿ ಹತ್ತಿರ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದಾಳೆ. ಅದಕ್ಕೆ ಮೊದಲು ಅವನ ಅಣ್ಣನ ಮನೆಯ ಚಾವಡಿಯಲ್ಲಿ ಎರಡು ವರ್ಷ ಮಲಗಿದ್ದರಂತೆ. ಅಣ್ಣನ ಸಂಸಾರ ಬೆಳೆದಾಗ ಇವರ ಪಾತ್ರೆ ಅಂಗಳಕ್ಕೆ ಬಂತು. ನತಾಲಿನ್ ಯಾವತ್ತೂ ಆ ಸುದ್ದಿ ಎತ್ತುವುದಿಲ್ಲ. ಆದರೆ ಮಳೆಗಾಲದಲ್ಲಿ ಮಾಡಿನ ಹಂಚು ನೋಡುತ್ತಾ "ನಮ್ಮ ರೂಮು ಸೋರೂದಿಲ್ಲ, ಅಕ್ಕೋರೆ" ಎಂದು ಹೇಳುವಾಗ ಗೊತ್ತಾಗುತ್ತದೆ.

ಇನ್ನು ಪ್ರಾರ್ಥನೆಯ ವಿಷಯ. ಭಾನುವಾರದ ಪೂಜೆಯ ನಡುವೆ ಭಕ್ತರೇ ಎದ್ದು ನಿಂತು ಒಂದೊಂದು ಬಿನ್ನಹ ಓದುವ ಪದ್ಧತಿ ಅವರಲ್ಲಿದೆ. ಒಬ್ಬರು ಧರ್ಮಸಭೆಗಾಗಿ, ಒಬ್ಬರು ದೇಶ ಆಳುವವರಿಗಾಗಿ, ಒಬ್ಬರು ಕಾಯಿಲೆಯವರಿಗಾಗಿ. ಪ್ರತಿಯೊಂದು ಮುಗಿದಾಗ ಎಲ್ಲರೂ ಒಟ್ಟಿಗೆ "ಪ್ರಭುವೇ, ನಮ್ಮ ಮೊರೆಯನ್ನು ಆಲಿಸು" ಎನ್ನಬೇಕು. ಅಲ್ಲಿಯ ಫಾದರ್ ಎಲಿಯಾಸರು ಅದಕ್ಕೆ ಊರಿಗಾಗಿ ಎಂದು ಇನ್ನೊಂದನ್ನು ಸೇರಿಸಿದರು. ಅದನ್ನು ಸಾಂತಾನನಿಗೆ ಕೊಟ್ಟರು. ಬೆಳಗಾಗುವ ಮೊದಲು ಓಣಿ ಓಣಿ ತಿರುಗುವವನು, ಊರಿನ ಹುಣ್ಣು ಎಲ್ಲಿದೆ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದು ಅವರ ಲೆಕ್ಕ. ಸಾಂತಾನ ಮನೆಯಲ್ಲಿ ಕೊಂಕಣಿಯವನು, ಕನ್ನಡ ಓದಿದ್ದು ನಾಲ್ಕನೆಯ ತರಗತಿಯವರೆಗೆ. ಹಾಗಾಗಿ ಶನಿವಾರ ಸಂಜೆ ನನ್ನ ಜಗಲಿ.

ಅವನ ಪ್ರಾರ್ಥನೆಗಳು ನನಗೆ ಬಾಯಿಪಾಠ. ಹೆದ್ದಾರಿ ಅಗಲ ಮಾಡಲು ತೋಡಿದ ಹೊಂಡಕ್ಕೆ ಇನ್ನೊಬ್ಬ ಬೈಕಿನವನು ಬೀಳದಿರಲಿ. ಮೀನುಪೇಟೆಯ ಹಿಂದೆ ಪ್ಲಾಸ್ಟಿಕ್ ಸುಡುವವರಿಗೆ ಬುದ್ಧಿ ಬರಲಿ. ಆಂಬುಲೆನ್ಸಿನಲ್ಲಿ ಮಣಿಪಾಲಕ್ಕೆ ಹೊರಟವರು ಕುಂದಾಪುರ ದಾಟುವವರೆಗಾದರೂ ಉಸಿರಾಡಲಿ. ಒಮ್ಮೆ "ಬಂದರು ರಸ್ತೆಯ ಹದಿನೇಳನೇ ಕಂಬದ ಬಲ್ಬು ಹತ್ತಲಿ" ಎಂದು ಬರೆದು ತಂದ. ನಾನು ಕಂಬದ ನಂಬರು ಹೊಡೆದು ಹಾಕಿ "ಕತ್ತಲೆಯಲ್ಲಿರುವವರಿಗೆ ಬೆಳಕು ದೊರೆಯಲಿ" ಎಂದು ತಿದ್ದಿದೆ.

"ದೇವರಿಗೆ ಕಂಬದ ನಂಬರು ಎಂತಕ್ಕೆ, ಸಾಂತಾನ?"

"ಲೈನ್‌ಮನ್‌ಗೆ ನಂಬರು ಹೇಳ್ದಿದ್ರೆ ಅವ ಯಾವ ಕಂಬ ಹತ್ತೂದು, ಅಕ್ಕೋರೆ?"

ನಾನು ನಕ್ಕುಬಿಟ್ಟೆ. ತಿದ್ದಿದ್ದನ್ನು ಮಾತ್ರ ಬದಲಿಸಲಿಲ್ಲ. ಪ್ರಾರ್ಥನೆ ಎಂದರೆ ಕೇಳಲು ಘನವಾಗಿರಬೇಕು ಎಂಬುದು ನನ್ನ ಮತ. ಅವನು ಕಾಗದ ಮಡಚಿ ಜೇಬಿಗಿಟ್ಟುಕೊಂಡು ಹೋದ. ಆ ಕಂಬದ ಬಲ್ಬು ಇವತ್ತಿಗೂ ಹತ್ತಿಲ್ಲ.

ಕಳೆದ ವರ್ಷ ಏಪ್ರಿಲ್‌ನಲ್ಲಿ ಗುಡ್ಡದಕೇರಿಗೆ ನೀರು ನಿಂತಿತು. ಅದು ಅರುವತ್ತು ಮನೆಯ ಕೇರಿ. ಅರ್ಧ ಕ್ರೈಸ್ತರು, ಅರ್ಧ ಹಿಂದೂ ಮೀನುಗಾರರು. ಗುಡ್ಡ ಅರ್ಧ ಏರಿದ ಮೇಲೆ ಒಂದು ಶಿಲುಬೆಕಟ್ಟೆ ಇದೆ. ನೀರು ಆ ಕಟ್ಟೆಯವರೆಗೆ ಬರುತ್ತಿತ್ತು, ಅಲ್ಲಿಂದ ಮೇಲೆ ಒಂದು ತೊಟ್ಟೂ ಇಲ್ಲ. ಗುಡ್ಡದ ಬುಡದ ಬಾವಿ ಮಾರ್ಚಿಗೇ ಉಪ್ಪಾಗುತ್ತದೆ. ಹೆಂಗಸರು ಮುಖ್ಯರಸ್ತೆ ದಾಟಿ, ಲಾರಿಗಳ ನಡುವೆ ಕೊಡ ಹೊತ್ತು ತರತೊಡಗಿದರು. ಕೇಳಿದವರಿಗೆಲ್ಲ ಸಾಂತಾನ ಒಂದೇ ಉತ್ತರ ಕೊಟ್ಟ, ಮೂಲದಲ್ಲೇ ನೀರು ಕಡಿಮೆ ಎಂದು. ಇಗರ್ಜಿಯಲ್ಲಿ ಊರಿಗಾಗಿ ಪ್ರಾರ್ಥಿಸುವವನು ಸುಳ್ಳು ಹೇಳುತ್ತಾನೆಯೇ? ಎಲ್ಲರೂ ನಂಬಿದರು. ನಾನೂ ನಂಬಿದೆ. ನಮ್ಮ ಓಣಿಯಲ್ಲಿ ಆ ತಿಂಗಳು ಎಂದೂ ಇಲ್ಲದ ಜೋರಿನಲ್ಲಿ ನೀರು ಬರುತ್ತಿತ್ತು. ನೀಲಾ ಗುಲಾಬಿ ಗಿಡಗಳಿಗೆ ಪೈಪು ಹಿಡಿಯುತ್ತಿದ್ದಳು. ಯಾಕೆ ಎಂದು ನಾವು ಕೇಳಲಿಲ್ಲ. ತನ್ನ ನಲ್ಲಿ ತುಂಬಿ ಬರುವಾಗ ಯಾರೂ ಕೇಳುವುದಿಲ್ಲ.

ಸಂಗತಿ ಏನೆಂದರೆ, ನಮ್ಮ ಓಣಿಯ ತುದಿಯಲ್ಲಿ ಹೆದ್ದಾರಿಗೆ ಮುಖ ಮಾಡಿ ಹೊಸದೊಂದು ಲಾಡ್ಜು ಎದ್ದಿತ್ತು. ಬೆಳಿಗ್ಗೆ ಗುಡ್ಡಕ್ಕೆ ಬಿಡದೆ ಉಳಿಸಿದ ನೀರು ಸಂಜೆ ನಮ್ಮ ಓಣಿಯ ಪೈಪಿನಲ್ಲಿ ಅದರ ಟಾಕಿಗೆ ಹೋಗುತ್ತಿತ್ತು. ದಾರಿಯಲ್ಲಿದ್ದ ನಮಗೂ ಪಾಲು ಸಿಕ್ಕಿತು. ಗುತ್ತಿಗೆದಾರರ ಸೂಪರ್‌ವೈಜರ್ ರವೀಂದ್ರ ಒಂದು ಬೆಳಿಗ್ಗೆ ಬೈಕಿನಿಂದ ಇಳಿಯದೆಯೇ ಹೇಳಿ ಹೋಗಿದ್ದನಂತೆ.

"ನಾಳೆಯಿಂದ ಗುಡ್ಡಕ್ಕೆ ನಾಲ್ಕೇ ಸುತ್ತು. ಯಾರಾದ್ರೂ ಕೇಳಿದ್ರೆ ಮೂಲದಲ್ಲೇ ಕಡಿಮೆ ಹೇಳು."

"ಎಷ್ಟು ದಿನ, ಸಾಹೇಬ್ರೆ?"

"ಮಳೆ ಬರೂವರೆಗೆ."

"ಮಳೆಗೆ ಇನ್ನೂ ಎರಡು ತಿಂಗಳು ಅದೆ. ಜನ ಎಂತ ಮಾಡೂದು?"

"ಜನರದ್ದು ಜನ ನೋಡ್ಕೊಳ್ತ್ರು. ನಿಂಗೆ ರೂಮು ಬೇಕೋ ಬ್ಯಾಡೋ, ಅದು ಹೇಳು."

ಸಾಂತಾನ ನಾಲ್ಕೇ ಸುತ್ತು ತಿರುಗಿಸಿದ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಯ ಕೈಯನ್ನೂ ಇನ್ಯಾರೋ ಹಿಡಿದಿದ್ದರು. ಆ ತಿಂಗಳ ಭಾನುವಾರಗಳಲ್ಲಿ ಅವನು ಊರಿಗಾಗಿ ಓದಿದ್ದು ನೀರಿನ ಪ್ರಾರ್ಥನೆಯನ್ನೇ. ಬೇರೆ ಏನಾದರೂ ಓದಿದರೆ ಗುಡ್ಡದವರು ಸುಮ್ಮನಿರುತ್ತಾರೆಯೇ? ಬೆಳಿಗ್ಗೆ ಆರಕ್ಕೆ ವಾಲ್ವು ಅರ್ಧಕ್ಕೆ ನಿಲ್ಲಿಸಿ ಬಂದವನು ಎಂಟಕ್ಕೆ ಎದ್ದು ನಿಂತು "ಬಾಯಾರಿದವರಿಗೆ ನೀರು ದೊರೆಯಲಿ" ಎನ್ನಬೇಕು. ಆ ಘನವಾದ ವಾಕ್ಯವೂ ನನ್ನದೇ.

ಮೇ ತಿಂಗಳ ಮೊದಲ ಶುಕ್ರವಾರ ಶಿಲುಬೆಕಟ್ಟೆಯಲ್ಲಿ ನೀರಿಗಾಗಿ ನೊವೆನಾ ಶುರುವಾಯಿತು. ಒಂಬತ್ತು ದಿನ, ದಿನವೂ ಸಂಜೆ, ತಪ್ಪದೆ ನಡೆಸಬೇಕಾದ ಪ್ರಾರ್ಥನೆ. ಮುಂದೆ ನಿಂತು ಹೇಳಿಕೊಡುವವನು ಸಾಂತಾನನೇ ಆಗಬೇಕು ಎಂದು ಕೇರಿಯವರು ಹಟ ಹಿಡಿದರು. ನೀರಿನವನು ಕೇಳಿದರೆ ದೇವರು ನೀರು ಕೊಡುತ್ತಾನೆ ಎಂದು ಅವರ ನಂಬಿಕೆ. ಒಲ್ಲೆ ಎನ್ನಲು ಅವನಿಗೆ ಕಾರಣ ಸಿಗಲಿಲ್ಲ. ಬಾಯಲ್ಲಿಟ್ಟ ಬಿಸಿತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ನತಾಲಿನ್ ಹಾಡು ಎತ್ತಿಕೊಡುತ್ತಿದ್ದಳು, ಇವನು ಮಂಡಿಯೂರಿ ಬಿನ್ನಹ ಹೇಳುತ್ತಿದ್ದ. ಕ್ರೈಸ್ತರಲ್ಲದವರೂ ಬಂದು ಮೇಣದಬತ್ತಿ ಹಚ್ಚಿದರು.

ಐದನೆಯ ಸಂಜೆ ಸಣ್ಣಿ ಬಂದಳು. ಗುಡ್ಡದ ತುದಿಯ ಮನೆಯವಳು, ಮೀನು ಮಾರುವವಳು, ವಯಸ್ಸು ಅರುವತ್ತು ದಾಟಿದೆ. ಅವಳಿಗೆ ಕ್ರೈಸ್ತರ ಪ್ರಾರ್ಥನೆ ಬರುವುದಿಲ್ಲ. ಬುಟ್ಟಿಯನ್ನು ಕಟ್ಟೆಯ ಕೆಳಗಿಟ್ಟು, ಸೊಂಟ ಹಿಡಿದುಕೊಂಡು ಮಂಡಿಯೂರಿ, ಸಾಂತಾನನ ಪಕ್ಕದಲ್ಲೇ ಜೋರಾಗಿ ಹೇಳಿದಳು.

"ಅವ್ವಾ ತಾಯಿ, ನಂಗೆ ನಿನ್ನ ಮಂತ್ರ ಗೊತ್ತಿಲ್ಲ. ಎರಡು ಕೊಡ ಸಾಕು. ಸೊಂಟ ಬಿದ್ದು ಹೋಗ್ತದೆ."

ಅದನ್ನು ಕೇಳಿದ ಮೇಲೆ ತನ್ನ ಬಾಯಿಂದ ಪ್ರಾರ್ಥನೆ ಹೊರಡಲಿಲ್ಲ ಎಂದು ಸಾಂತಾನ ನನಗೆ ಆಮೇಲೆ ಹೇಳಿದ. ಅಳು ಬಂತು ಎಂದು ಜನ ತಿಳಿದರಂತೆ. ಮರುದಿನ ಬುಧವಾರ ಬೆಳಿಗ್ಗೆ ಅವನು ಗುಂಡಿಗೆ ಚಾವಿ ಇಳಿಸಿದ. ನಾಲ್ಕು ಸುತ್ತು ಆಯಿತು. ಕೈ ನಿಲ್ಲಲಿಲ್ಲ. ಐದು, ಆರು. ಒಂಬತ್ತಕ್ಕೆ ನಿಂತಿತು.

ಗುಡ್ಡದಕೇರಿಯಲ್ಲಿ ಆ ದಿನ ಹಬ್ಬ. ಕೊನೆಯ ಮನೆಯ ನಲ್ಲಿ ಮೊದಲು ಗಾಳಿ ಉಗುಳಿತು, ಮತ್ತೆ ಕೆಂಪು ನೀರು, ಮತ್ತೆ ತಿಳಿನೀರು. ಸಣ್ಣಿ ನಲ್ಲಿಯ ಕೆಳಗೆ ತಲೆ ಒಡ್ಡಿಕೊಂಡು ಕುಳಿತಳು. ಯಾರೋ ಓಡಿಹೋಗಿ ಇಗರ್ಜಿಯ ಗಂಟೆ ಹೊಡೆದರು. ಐದೇ ದಿನಕ್ಕೆ ದೇವರು ಒಲಿದ ಎಂದು ಪೇಟೆಯೆಲ್ಲ ಸುದ್ದಿಯಾಯಿತು. ಗುರುವಾರ ಬಂತು ನೀರು, ಶುಕ್ರವಾರವೂ ಬಂತು. ಕೆಳಗಿನ ಓಣಿಯಲ್ಲಿ ನಮ್ಮ ನಲ್ಲಿ ಮಾತ್ರ ನೂಲಿನ ಹಾಗೆ ಸಣ್ಣಗಾಯಿತು. ನಾನು ಎರಡು ದಿನ ಗೊಣಗಿದೆ. ಮೂರನೆಯ ದಿನ ನೀರಿನ ಆಫೀಸಿಗೆ ಫೋನು ಮಾಡಿ ಎರಡು ಮಾತು ಬಿಸಿಯಾಗಿಯೇ ಹೇಳಿದೆ. ಇದನ್ನು ಇಲ್ಲಿ ಬರೆಯದೆ ಬಿಡಬಹುದಿತ್ತು. ಬಿಟ್ಟರೆ ಸುಳ್ಳಾಗುತ್ತದೆ.

ಶನಿವಾರ ಮಧ್ಯಾಹ್ನ ರವೀಂದ್ರ ಪಂಪ್‌ಹೌಸಿಗೆ ಬಂದ. ಲಾಡ್ಜಿನವರೂ ದೂರು ಕೊಟ್ಟಿದ್ದರು. ಅವನು ಬೈಯಲಿಲ್ಲವಂತೆ. ನತಾಲಿನ್‌ಳ ಮಷಿನ್ ಮೇಲೆ ಕೈಯಿಟ್ಟು "ಇದು ಎತ್ತೂಕೆ ಎರಡು ಜನ ಸಾಕಲ?" ಎಂದು ಕೇಳಿದನಂತೆ. ಸೋಮವಾರದಿಂದ ಮತ್ತೆ ನಾಲ್ಕೇ ಸುತ್ತು ಎಂದು ಹೇಳಿ ಹೋದ.

ಆ ಸಂಜೆ ನೊವೆನಾದ ಒಂಬತ್ತನೆಯ ದಿನ ಮುಗಿಸಿಕೊಂಡು ಸಾಂತಾನ ನನ್ನ ಜಗಲಿಗೆ ಬಂದ. ಮರುದಿನ ಕೃತಜ್ಞತೆಯ ಪೂಜೆ. ಎಲ್ಲರ ಪರವಾಗಿ ಅವನೇ ಓದಬೇಕು. ಕಾಗದ ಕೊಟ್ಟು, ಎಂದಿನಂತೆ ಮೆಟ್ಟಿಲ ಮೇಲೆ ಕುಳಿತುಕೊಳ್ಳದೆ ನಿಂತೇ ಇದ್ದ. ಮೊದಲ ಸಾಲುಗಳು ದೇವರಿಗೆ ವಂದನೆ. ಕೊನೆಯಲ್ಲಿ ಹೀಗೆ ಬರೆದಿದ್ದ:

"ಗುಡ್ಡದಕೇರಿಯ ನೀರು ನಿಲ್ಲಿಸಿದ ಕೈ ನನ್ನದು. ಬಿಟ್ಟ ಕೈಯೂ ನನ್ನದು. ಸೋಮವಾರ ಮತ್ತೆ ನಿಲ್ಲಿಸಲು ಹೇಳಿದ್ದಾರೆ. ನಾನು ನಿಲ್ಲಿಸದ ಹಾಗೆ ನೀವೆಲ್ಲ ನನ್ನ ಜೊತೆಗೆ ಬನ್ನಿ ಎಂದು ಬೇಡುತ್ತೇನೆ."

ನಾನು ಎರಡು ಸಲ ಓದಿದೆ. ಮತ್ತೆ ಅವನನ್ನು ಕೂರಿಸಿ ಎಲ್ಲವನ್ನೂ ಕೇಳಿದೆ. ಅವನು ಹೇಳಿದ. ಇಲ್ಲಿಯವರೆಗೆ ನಾನು ಬರೆದದ್ದರಲ್ಲಿ ಹೆಚ್ಚಿನದು ಆ ಒಂದು ಗಂಟೆಯಲ್ಲಿ ತಿಳಿದದ್ದು.

"ನಾ ಒಬ್ನೇ ಹೇಳಿದ್ರೆ ನನ್ನ ಹೊರಗೆ ಹಾಕ್ತ್ರು, ಅಕ್ಕೋರೆ. ಇಡೀ ಇಗರ್ಜಿ ಎದ್ದು ಆಫೀಸಿಗೆ ಹೋದ್ರೆ ಎಂತ ಮಾಡ್ತ್ರು? ಅದ್ಕೆ ನಾಳೆ ಪೂಜೆಯಲ್ಲೇ ಓದೂದು ಅಂತ ಮಾಡಿದೆ."

ಅವನು ಹೇಳಿದ್ದು ಸರಿಯಾಗಿತ್ತು. ಈಗ ನನಗೆ ಅದು ಸ್ಪಷ್ಟ. ಆ ಹೊತ್ತಿನಲ್ಲಿ ನನ್ನ ತಲೆಗೆ ಬಂದದ್ದು ನತಾಲಿನ್ ಮತ್ತು ಅವಳ ಸೋರದ ಮಾಡು. ಅದು ನಿಜ. ಅದರ ಹಿಂದೆಯೇ ನೂಲಿನ ಹಾಗೆ ಬರುವ ನಮ್ಮ ನಲ್ಲಿಯೂ ಬಂತು. ಅದೂ ನಿಜ. ನಾನು ಕೆಂಪು ಪೆನ್ನು ಎತ್ತಿಕೊಂಡೆ.

"ಇದು ಪ್ರಾರ್ಥನೆಯ ಭಾಷೆ ಅಲ್ಲ, ಸಾಂತಾನ. ಪ್ರಾರ್ಥನೆ ದೇವರಿಗೆ ಮಾಡೂದು, ಜನರಿಗಲ್ಲ. ಇದನ್ನ ಬಿಡು. ನಾನೇ ಆಫೀಸಿಗೆ ಅರ್ಜಿ ಬರೀತೆ. ನನ್ನ ಹೆಸರಲ್ಲೇ."

"ನೀವು ಬರೀತ್ರಾ?"

"ಬರೀತೆ."

"ಆತು, ಅಕ್ಕೋರೆ" ಎಂದ. ಹನ್ನೊಂದು ವರ್ಷದಲ್ಲಿ ಅವನು ಬರೆದು ತಂದದ್ದರಲ್ಲಿ ನಾನು ತಿದ್ದಬೇಕಾಗಿಲ್ಲದ ಸಾಲುಗಳು ಅವು ಮಾತ್ರ. ಅವನ್ನೇ ಹೊಡೆದು ಹಾಕಿದೆ.

ಭಾನುವಾರ ನಾನು ಮೊದಲ ಬಾರಿಗೆ ಆ ಇಗರ್ಜಿಯೊಳಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ. ಕೃತಜ್ಞತೆಯ ಪೂಜೆ ನೋಡಲು ಹೋಗುತ್ತೇನೆ ಎಂದು ನೀಲಾಳಿಗೆ ಹೇಳಿದ್ದೆ. ಅವನು ತಿದ್ದಿದ್ದನ್ನೇ ಓದುತ್ತಾನೋ ಇಲ್ಲವೋ ಎಂದು ನೋಡಲು ಹೋದದ್ದು. ಗುಡ್ಡದ ಹೆಂಗಸರೆಲ್ಲ ಮೀಸಲಿಟ್ಟ ಸೀರೆ ಉಟ್ಟು ಬಂದಿದ್ದರು. ಸಾಂತಾನ ಎದ್ದು ಹೋಗಿ ಓದತೊಡಗಿದ. ವಂದನೆಯ ಸಾಲುಗಳು ಮುಗಿದವು. ಅಲ್ಲಿ ನಿಂತ. ಕಾಗದದಿಂದ ತಲೆ ಎತ್ತಿ ನೇರವಾಗಿ ಹಿಂದಿನ ಬೆಂಚು ನೋಡಿದ. ನಾನು ತಲೆ ತಗ್ಗಿಸಿ ನನ್ನ ಚಪ್ಪಲಿ ನೋಡಿದೆ.

"ಇದಕ್ಕಾಗಿ ಪ್ರಾರ್ಥಿಸೋಣ" ಎಂದ.

"ಪ್ರಭುವೇ, ನಮ್ಮ ಮೊರೆಯನ್ನು ಆಲಿಸು" ಎಂದು ಮಾಡು ಹಾರುವ ಹಾಗೆ ಜನ ಹೇಳಿದರು. ಹೊರಗೆ ಬಂದಾಗ ಅವನ ಕೊರಳಿಗೆ ಅಬ್ಬಲಿಗೆ ಹೂವಿನ ಮಾಲೆ ಹಾಕಿದರು. ಶಿಲುಬೆಕಟ್ಟೆಗೆ ನೀರು ಬಂದ ದಿನಾಂಕ ಬರೆದ ಕಲ್ಲು ಹಾಕಿಸುವುದೆಂದು ತೀರ್ಮಾನವಾಯಿತು.

ಸೋಮವಾರ ನೀರು ಕಟ್ಟೆಯವರೆಗೆ ಬಂದು ನಿಂತಿತು.

ಗುಡ್ಡದವರು ಸಾಂತಾನನನ್ನು ಬೈದಿದ್ದರೆ ಚೆನ್ನಾಗಿತ್ತು. ಅವರು ಅವನನ್ನು ಬೈಯಲಿಲ್ಲ, ರವೀಂದ್ರನ ಕಡೆ ಯೋಚನೆಯೇ ಹೋಗಲಿಲ್ಲ. ನೊವೆನಾದಲ್ಲಿ ಏನೋ ತಪ್ಪಾಗಿದೆ ಎಂದು ಹುಡುಕಿದರು. ಒಂಬತ್ತು ದಿನ ಕಡಿಯದೆ ನಡೆಯಬೇಕಲ್ಲವೇ? ಐದನೆಯ ದಿನ ಬಂದ ಸಣ್ಣಿ ಏಳನೆಯ ಮತ್ತು ಎಂಟನೆಯ ದಿನ ಬಂದಿರಲಿಲ್ಲ. ಸಂಜೆಯ ಮೀನು ಮಾರಲು ಕುಮಟೆಯ ಕಡೆ ಹೋಗಿದ್ದಳು. ಸೇರಿದವರು ನಡುವೆ ಬಿಟ್ಟರೆ ಹರಕೆ ಕಡಿಯುತ್ತದೆ ಎಂದು ಒಬ್ಬಳು ಹೇಳಿದಳು, ಹತ್ತು ಜನ ಹೌದೆಂದರು. ಫಾದರ್ ಎಲಿಯಾಸರು ಹಾಗೆಲ್ಲ ಇಲ್ಲ ಎಂದು ಗದರಿಸಿದರೂ ಮಾತು ನಿಲ್ಲಲಿಲ್ಲ. ಆಮೇಲೆ ಮುಖ್ಯರಸ್ತೆಯಿಂದ ನೀರು ತರುವಾಗ ಸಣ್ಣಿ ಒಬ್ಬಳೇ ಹಿಂದೆ ಬರುತ್ತಿದ್ದಳು. ಯಾರೂ ಅವಳ ಕೊಡಕ್ಕೆ ಕೈ ಕೊಡುತ್ತಿರಲಿಲ್ಲ. ಅವಳೂ ತನ್ನದೇ ತಪ್ಪು ಎಂದು ನಂಬಿದಳು. ದಾರಿಯಲ್ಲಿ ಸಾಂತಾನನನ್ನು ನಿಲ್ಲಿಸಿ "ನನ್ನಿಂದ ನೀರು ಹೋತು, ತಮ್ಮಾ" ಎಂದು ಕೈ ಮುಗಿದಳಂತೆ. ಅವನು ಊಟ ಬಿಟ್ಟಿದ್ದಾನೆ ಎಂದು ನತಾಲಿನ್ ನನ್ನ ಹತ್ತಿರ ಹೇಳಿದಳು.

ನಾನು ಅರ್ಜಿ ಬರೆದೆ. ಬರೆಯಲಿಲ್ಲ ಎಂದಲ್ಲ. ಎರಡು ಪುಟ, ಒಳ್ಳೆಯ ಕನ್ನಡ. ಕಳಿಸಬೇಕೆಂದರೆ ವಿಷಯ ಹೇಳಿದವರು ಯಾರು ಎಂದು ಕೇಳುತ್ತಾರೆ, ಸಾಂತಾನನ ಹೆಸರು ಬರುತ್ತದೆ. ಹೀಗೆಂದು ಅದು ಮೇಜಿನ ಖಾನೆಯಲ್ಲಿ ಉಳಿಯಿತು. ನಮ್ಮ ನಲ್ಲಿ ಸೋಮವಾರ ಸಂಜೆಯೇ ಸರಿಯಾಗಿತ್ತು.

ಮುಂದಿನ ಶನಿವಾರ ಅವನು ಬಂದ. ಕೇರಿಯವರು ಎರಡನೆಯ ನೊವೆನಾ ಇಟ್ಟುಕೊಂಡಿದ್ದರು. ಈ ಸಲ ಸಣ್ಣಿಯನ್ನು ಬಿಟ್ಟು. ಕಾಗದದಲ್ಲಿ "ಬಾಯಾರಿದವರಿಗೆ ನೀರು ದೊರೆಯಲಿ" ಎಂದಿತ್ತು, ನಾನು ಕಲಿಸಿದ ಹಾಗೆಯೇ, ಒಂದೂ ತಪ್ಪಿಲ್ಲದೆ. ಹಿಂದೆ ಮುಂದೆ ತಿರುಗಿಸಿ ನೋಡಿದೆ. ಬೇರೇನೂ ಇರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಪೆನ್ನು ಎತ್ತಿಕೊಂಡು, ಅವನ ಸಾಲುಗಳ ಕೆಳಗೆ ನಾನೇ ಬರೆದೆ. ಗುಡ್ಡದಕೇರಿಯ ನೀರು ನಿಲ್ಲಿಸಿದ ಕೈ ನನ್ನದು. ಬಿಟ್ಟ ಕೈಯೂ ನನ್ನದು. ನೀವೆಲ್ಲ ನನ್ನ ಜೊತೆಗೆ ಬನ್ನಿ. ಬರೆದು ಅವನ ಕೈಗೆ ಕೊಟ್ಟೆ.

"ಇದನ್ನ ಓದು, ಸಾಂತಾನ. ನಾನೂ ಬರ್ತೆ."

ಅವನು ಬೆರಳಿಟ್ಟು ನಿಧಾನವಾಗಿ ಓದಿದ. ಸಿಟ್ಟಿರಲಿಲ್ಲ ಮುಖದಲ್ಲಿ. ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಆ ಸಾಲುಗಳ ಮೇಲೆ, ನಾನು ಹೊಡೆಯುವ ಹಾಗೆಯೇ, ನೇರವಾದ ಗೆರೆ ಎಳೆದ.

"ಇದು ಪ್ರಾರ್ಥನೆಯ ಭಾಷೆ ಅಲ್ಲ ಅಲ್ದ, ಅಕ್ಕೋರೆ? ಮಾಲೆ ಹಾಕಿಸಿಕೊಂಡಾದ ಮೇಲೆ ಇದ್ನ ಓದೂಕೆ ಬಾಯಿ ಬರೂದಿಲ್ಲ."

ಪೆನ್ನನ್ನು ಮುಚ್ಚಿ ಜಗಲಿಯ ಮೇಲೆ ಇಟ್ಟ. ಕಾಗದ ಮಡಚಿ ಜೇಬಿಗಿಟ್ಟ. ಗೋಡೆಗೆ ಒರಗಿಸಿದ್ದ ಚಾವಿಯನ್ನು ಹೆಗಲಿಗೇರಿಸಿ, ಸಂಜೆಯ ನೀರಿಗೆ ಹೊತ್ತಾಯಿತೆಂದು ಮೆಟ್ಟಿಲಿಳಿದ. ಓಣಿಯ ಗುಂಡಿಯ ಹತ್ತಿರ ಅವನು ಬಗ್ಗಿದ್ದು ಕಾಣಿಸಿತು. ಒಂದು, ಎರಡು, ಮೂರು ಸುತ್ತು.

ಹಿತ್ತಿಲಲ್ಲಿ ನಮ್ಮ ನಲ್ಲಿ ಭರ್ರೆಂದು ಬಂತು. ನೀಲಾ ಒಳಗಿನಿಂದ ಕೂಗಿದಳು. ನಾನು ಎದ್ದು ಹೋಗಿ ಕೊಡ ಹಿಡಿದೆ.